ಪರ್ವತಾರೋಹಣದ ಉಪಕರಣಗಳು: ಅವುಗಳ ಆದಿವಿಕಾಸದ ಒಂದು ಸಮೀಕ್ಷೆ

೧

ಪರ್ವತಾರೋಹಣದ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಶಿಖರಗಳ ಹೆಸರುಗಳನ್ನೂ ಅವುಗಳನ್ನು ಮೊದಲು ಮುಟ್ಟಿದವರ ಹೆಸರುಗಳನ್ನೂ ಅನುಕ್ರಮವಾಗಿ ಜೋಡಿಸಿ ಕೃತಾರ್ಥರಾಗಿದ್ದಾರೆ. ೧೭೮೬ರಲ್ಲಿ ಮೋಂ ಬ್ಲಾಂ, ೧೮೬೫ರಲ್ಲಿ ಮ್ಯಾಟರ್‌ಹಾರ್ನ್, ೧೯೫೩ರಲ್ಲಿ ಎವರೆಸ್ಟ್ ಎಂಬ ಈ ಸರಣಿ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದುದೇ. ಆದರೆ ಹತ್ತಿದವರ ಕೈಯಲ್ಲಿ ಏನಿತ್ತು, ಕಾಲಿಗೆ ಏನನ್ನು ತೊಟ್ಟಿದ್ದರು, ಸೊಂಟಕ್ಕೆ ಏನನ್ನು ಬಿಗಿದುಕೊಂಡಿದ್ದರು ಎಂಬ ಪ್ರಶ್ನೆ ಈ ಸರಣಿಯಲ್ಲಿ ಬಹುಮಟ್ಟಿಗೆ ಅಡಿಟಿಪ್ಪಣಿಯಾಗಿಯೇ ಉಳಿದಿದೆ. ಪ್ರಸ್ತುತ ಲೇಖನದಲ್ಲಿ ನಾವು ಈ ಅಡಿಟಿಪ್ಪಣಿಯನ್ನೇ ಮುಖ್ಯ ವಿಷಯವನ್ನಾಗಿ ಎತ್ತಿಕೊಳ್ಳುತ್ತೇವೆ.

ಇದಕ್ಕೆ ಕಾರಣ ಕೇವಲ ಕುತೂಹಲವಲ್ಲ. ಪರ್ವತಾರೋಹಣದ ಲಿಖಿತ ಆಧಾರಗಳು ಬಹುತೇಕ ಒಂದೇ ವರ್ಗದ ಜನರಿಂದ ಬಂದಿವೆ. ಗ್ರಂಥಗಳನ್ನು ಬರೆದವರು ವಿರಾಮವೂ ವಿದ್ಯೆಯೂ ಉಳ್ಳ ಗೃಹಸ್ಥರು. ಅವರ ಮುಂದೆ ನಡೆದು ಹಿಮದಲ್ಲಿ ಮೆಟ್ಟಿಲು ಕಡಿದ ಮಾರ್ಗದರ್ಶಿಗಳೂ, ಅವರ ಹಿಂದೆ ಹೊರೆ ಹೊತ್ತ ಕೂಲಿಗಳೂ ಬರೆದುದು ಅತ್ಯಲ್ಪ. ಹೀಗಿರುವಲ್ಲಿ, ಗ್ರಂಥಗಳು ಹೇಳದೆ ಬಿಟ್ಟ ಎಷ್ಟೋ ಸಂಗತಿಗಳನ್ನು ಹಗ್ಗದ ತುಂಡು, ಕೊಡಲಿಯ ಕಾವು, ಬೂಟಿನ ಮೊಳೆ ಮುಂತಾದವು ಹೇಳಬಲ್ಲವು. ಶಾಸನವನ್ನೂ ನಾಣ್ಯವನ್ನೂ ಆಧಾರವಾಗಿ ಬಳಸುವುದರಲ್ಲಿ ನುರಿತಿರುವ ನಮ್ಮ ಇತಿಹಾಸ ವಿದ್ಯಾರ್ಥಿಗಳಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ವಿಷಯದಲ್ಲಿ ಎರಡು ಅಭಿಪ್ರಾಯಗಳು ರೂಢಿಯಲ್ಲಿವೆ. ಒಂದು, ಪ್ರತಿಯೊಂದು ಉಪಕರಣವನ್ನೂ ಯಾರೋ ಒಬ್ಬ ಪ್ರತಿಭಾಶಾಲಿ ಕಂಡುಹಿಡಿದನೆಂಬುದು. ಇನ್ನೊಂದು, ಹಳೆಯ ಉಪಕರಣಗಳು ಒರಟಾದವು, ಅವುಗಳನ್ನು ನಂಬಿ ಹೊರಟವರು ಅರಿಯದವರು ಎಂಬುದು. ಇವೆರಡೂ ಎಷ್ಟರಮಟ್ಟಿಗೆ ನಿಲ್ಲುತ್ತವೆ ಎಂಬುದನ್ನು ಪರೀಕ್ಷಿಸುವುದು ನಮ್ಮ ಉದ್ದೇಶ.

೨

ಬೆಟ್ಟವನ್ನು ವಿನೋದಕ್ಕಾಗಿ ಹತ್ತುವ ರೂಢಿ ಹುಟ್ಟುವುದಕ್ಕೆ ಬಹು ಹಿಂದೆಯೇ ಆಲ್ಪ್ಸ್ ಪರ್ವತದ ಜನರು ಜೀವನೋಪಾಯಕ್ಕಾಗಿ ಕಣಿವೆಯಿಂದ ಕಣಿವೆಗೆ ದಾಟುತ್ತಿದ್ದರು. ಬೇಟೆಗಾರರು, ಹರಳು ಆಯುವವರು, ದನಗಾಹಿಗಳು, ವ್ಯಾಪಾರಿಗಳು ಇವರಿಗೆಲ್ಲ ಹಿಮದ ಮೇಲೆ ಜಾರದೆ ನಡೆಯುವ ಉಪಾಯ ತಿಳಿದಿರಲೇಬೇಕಾಗಿತ್ತು. ಜ್ಯೂರಿಚ್ ನಗರದ ವಿದ್ವಾಂಸರಾದ ಯೋಸಿಯಾಸ್ ಸಿಮ್ಲರ್ ಅವರು ೧೫೭೪ರಲ್ಲಿ ಆಲ್ಪ್ಸ್ ಪರ್ವತಗಳನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಉಪಾಯಗಳ ವರ್ಣನೆಯಿದೆ. ತುದಿಗೆ ಕಬ್ಬಿಣದ ಮೊನೆ ಕಟ್ಟಿದ ಕೋಲು, ಪಾದರಕ್ಷೆಗೆ ಬಿಗಿಯುವ ಕಬ್ಬಿಣದ ಮುಳ್ಳು, ಒಬ್ಬರನ್ನೊಬ್ಬರು ಕಟ್ಟಿಕೊಳ್ಳುವ ಹಗ್ಗ, ಹಿಮದ ಪ್ರಖರ ಬೆಳಕಿನಿಂದ ಕಣ್ಣನ್ನು ಕಾಪಾಡುವ ಕಪ್ಪು ಗಾಜು ಇವೆಲ್ಲ ಅಲ್ಲಿ ಉಕ್ತವಾಗಿವೆ. ಎಂದರೆ ಹತ್ತೊಂಬತ್ತನೆಯ ಶತಮಾನದ ಉಪಕರಣಗಳ ಮೂಲರೂಪಗಳು ಹದಿನಾರನೆಯ ಶತಮಾನದಲ್ಲಿಯೇ ಹಳ್ಳಿಗರ ಕೈಯಲ್ಲಿದ್ದವು. ಹೊಸದಾಗಿ ಬಂದುದು ಉಪಕರಣವಲ್ಲ, ಅದರ ಉದ್ದೇಶ.

ಜಿನೀವಾದ ವಿಜ್ಞಾನಿ ದ ಸೊಸ್ಯೂರ್ ಅವರು ೧೭೬೦ರಲ್ಲಿ ಮೋಂ ಬ್ಲಾಂ ಶಿಖರಕ್ಕೆ ದಾರಿ ಕಂಡುಹಿಡಿದವರಿಗೆ ಬಹುಮಾನ ಕೊಡುವುದಾಗಿ ಸಾರಿದರು. ೧೭೮೬ನೆಯ ಆಗಸ್ಟ್ ೮ರಂದು ಶಾಮೊನಿ ಗ್ರಾಮದ ವೈದ್ಯ ಪಕ್ಕಾರ್ ಮತ್ತು ಹರಳು ಆಯುವ ಬಲ್ಮಾ ಇಬ್ಬರೂ ಶಿಖರವನ್ನು ಮುಟ್ಟಿದರು. ಅವರ ಬಳಿ ಹಗ್ಗವಿರಲಿಲ್ಲ, ಹಿಮಗೊಡಲಿಯೂ ಇರಲಿಲ್ಲ. ಆಲ್ಪೆನ್‌ಸ್ಟಾಕ್ ಎಂದು ಹೆಸರಾದ, ಆಳೆತ್ತರಕ್ಕೂ ಮಿಗಿಲಾದ ಮೊನೆಗೋಲೇ ಅವರ ಸರ್ವಸ್ವ. ಹಿಮನದಿಯ ಬಿರುಕಿನ ಮೇಲೆ ಅದನ್ನು ಅಡ್ಡಲಾಗಿ ಹಿಡಿದು ತೂಕವನ್ನು ಹಂಚಿಕೊಳ್ಳುವುದೇ ಅವರ ರಕ್ಷಣೆಯಾಗಿತ್ತು. ಮರುವರ್ಷ ದ ಸೊಸ್ಯೂರ್ ಅವರೇ ಹದಿನೆಂಟು ಮಂದಿ ಮಾರ್ಗದರ್ಶಿಗಳೊಡನೆ ಹೊರಟಾಗ ಅವರೊಂದಿಗೆ ಹೊರೆಯಾಗಿ ಹೋದುದರಲ್ಲಿ ವಾಯುಭಾರಮಾಪಕ, ಉಷ್ಣಮಾಪಕ ಮುಂತಾದ ವಿಜ್ಞಾನದ ಸಲಕರಣೆಗಳು ಪ್ರಧಾನವಾಗಿದ್ದವು. ಆರೋಹಣ ಇನ್ನೂ ಪ್ರಕೃತಿವಿಜ್ಞಾನದ ಒಂದು ಅಂಗವೆಂದೇ ಭಾವಿತವಾಗಿತ್ತು.

೧೮೨೦ರಲ್ಲಿ ಇದೇ ಪರ್ವತದಲ್ಲಿ ಡಾಕ್ಟರ್ ಹಾಮೆಲ್ ಎಂಬವರ ತಂಡ ಹಿಮಕುಸಿತಕ್ಕೆ ಸಿಕ್ಕಿ ಮೂವರು ಮಾರ್ಗದರ್ಶಿಗಳು ಬಿರುಕಿನೊಳಗೆ ಬಿದ್ದು ಮಡಿದರು. ಮರುವರ್ಷವೇ ಶಾಮೊನಿಯಲ್ಲಿ ಮಾರ್ಗದರ್ಶಿಗಳ ಸಂಘವು ಸ್ಥಾಪಿತವಾಯಿತು. ನಲವತ್ತು ವರ್ಷಗಳ ತರುವಾಯ, ೧೮೬೧ರಲ್ಲಿ, ಆ ಮೂವರ ಅವಶೇಷಗಳೂ ಉಡುಪು ಸಲಕರಣೆಗಳ ಚೂರುಗಳೂ ಬೊಸ್ಸೋಂ ಹಿಮನದಿಯ ಕೆಳತುದಿಯಲ್ಲಿ ಹೊರಬಿದ್ದವು. ಹಿಮನದಿಯು ತನ್ನೊಳಗಿಟ್ಟುಕೊಂಡುದನ್ನು ಕಾಲಾಂತರದಲ್ಲಿ ಹಿಂದಿರುಗಿಸುವ ಒಂದು ದಫ್ತರಖಾನೆ ಎಂಬ ಮಾತಿಗೆ ಇದು ಪ್ರಥಮ ನಿದರ್ಶನ. ಇಂಥವೇ ಇನ್ನೆರಡು ನಿದರ್ಶನಗಳು ಮುಂದೆ ಬರಲಿವೆ.

೩

ಮೊನೆಗೋಲಿನಿಂದ ಹಿಮಗೊಡಲಿ ಹೇಗೆ ಹುಟ್ಟಿತು ಎಂಬುದು ಉಪಕರಣಗಳ ವಿಕಾಸಕ್ರಮಕ್ಕೆ ಒಳ್ಳೆಯ ಉದಾಹರಣೆ. ಕಡಿದಾದ ಹಿಮಗಡ್ಡೆಯ ಮೇಲೆ ಹೆಜ್ಜೆಯಿಡಲು ಮೆಟ್ಟಿಲು ಕಡಿಯಬೇಕು. ಆರಂಭದಲ್ಲಿ ಮಾರ್ಗದರ್ಶಿಗಳು ಕೈಯಲ್ಲಿ ಮೊನೆಗೋಲನ್ನೂ ಸೊಂಟದಲ್ಲಿ ಸೌದೆ ಒಡೆಯುವ ಪುಟ್ಟ ಕೊಡಲಿಯನ್ನೂ ಒಯ್ಯುತ್ತಿದ್ದರು. ಎರಡನ್ನೂ ಹೊರುವುದರ ತೊಡಕು ಯಾರಿಗಾದರೂ ತೋರತಕ್ಕದ್ದೇ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ವೇಳೆಗೆ ಕೋಲಿನ ತಲೆಗೆ ಕೊಡಲಿಯನ್ನು ಸೇರಿಸಿದ ಸಂಯುಕ್ತ ಉಪಕರಣ ಬಳಕೆಗೆ ಬಂದಿತು. ಮೊದಮೊದಲು ಅದರ ಅಲಗು ಸೌದೆಗೊಡಲಿಯಂತೆ ಕಾವಿಗೆ ಸಮಾನಾಂತರವಾಗಿತ್ತು; ಆಮೇಲೆ ಅದನ್ನು ತಿರುಗಿಸಿ ಬಾಚಿಯಂತೆ ಅಡ್ಡಲಾಗಿ ಮಾಡಿದರು. ಹಿಮವನ್ನು ಕೆರೆದು ಮೆಟ್ಟಿಲು ಮಾಡಲು ಬಾಚಿಯ ಅಲಗೇ ಅನುಕೂಲವೆಂಬುದು ಅನುಭವದಿಂದ ಗೊತ್ತಾದ ಸಂಗತಿ. ಇನ್ನೊಂದು ಕಡೆ ಗುದ್ದಲಿಯ ಮೂತಿಯಂಥ ಚೂಪಾದ ಕೊಕ್ಕು, ಕೆಳಗೆ ಹಳೆಯ ಕೋಲಿನ ಮೊನೆ; ಹೀಗೆ ಮೂರು ಕೆಲಸಗಳು ಒಂದೇ ಉಪಕರಣದಲ್ಲಿ ಸಂಗಮಿಸಿದವು.

ಇದರ ಕರ್ತೃ ಯಾರು ಎಂದು ಕೇಳಿದರೆ ಒಂದು ಹೆಸರನ್ನು ಹೇಳುವುದು ಸಾಧ್ಯವಿಲ್ಲ. ಮೋಂ ಬ್ಲಾಂ ಪರ್ವತದ ಇಟಲಿಯ ಕಡೆಗಿರುವ ಕೂರ್ಮಾಯೋರ್ ಗ್ರಾಮದಲ್ಲಿ ಗ್ರಿವೆಲ್ ಮನೆತನದ ಕಮ್ಮಾರರು ೧೮೧೮ರಿಂದ ಕುಲುಮೆ ನಡೆಸುತ್ತಿದ್ದರು. ರೈತರ ಹತ್ಯಾರುಗಳನ್ನು ಮಾಡುತ್ತಿದ್ದ ಇಂಥ ಕುಲುಮೆಗಳಲ್ಲಿಯೇ ಮಾರ್ಗದರ್ಶಿಗಳು ತಮಗೆ ಬೇಕಾದ ತಿದ್ದುಪಾಟುಗಳನ್ನು ಮಾಡಿಸಿಕೊಂಡರು. ಬಳಸಿದವನು ದೋಷವನ್ನು ಹೇಳುವುದು, ಕಮ್ಮಾರನು ಅದನ್ನು ತಿದ್ದುವುದು ಎಂಬ ಈ ಸಂವಾದವು ಎಲ್ಲಿಯೂ ದಾಖಲಾಗಿಲ್ಲ. ಆದರೆ ಕಾಲಾನುಕ್ರಮದಲ್ಲಿ ಜೋಡಿಸಿಟ್ಟ ಕೊಡಲಿಗಳಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಆರಂಭದ ಕಾವುಗಳು ಸುಮಾರು ೧೨೦ ಸೆಂಟಿಮೀಟರ್ ಅಥವಾ ಅದಕ್ಕೂ ಉದ್ದವಾಗಿದ್ದು, ಊರುಗೋಲಾಗಿ ಬಳಸುತ್ತಿದ್ದ ಮೂಲವನ್ನು ನೆನಪಿಗೆ ತರುತ್ತವೆ. ಬ್ರಿಟಿಷ್ ಎಂಜಿನಿಯರ್ ಆಸ್ಕರ್ ಎಕೆನ್‌ಸ್ಟೈನ್ ಅವರು ಒಂದೇ ಕೈಯಲ್ಲಿ ಬೀಸಲು ಬರುವಂತೆ ಅದನ್ನು ಸುಮಾರು ೮೫ ಸೆಂಟಿಮೀಟರಿಗೆ ಇಳಿಸಿದಾಗ ಹಿರಿಯ ಆರೋಹಿಗಳು ಅದನ್ನು ಮೆಚ್ಚಲಿಲ್ಲ. ಕಾಲಕ್ರಮದಲ್ಲಿ ಆ ಮೊಟಕು ಕಾವೇ ಗೆದ್ದಿತು.

೪

ಹಗ್ಗದ ಇತಿಹಾಸ ಇಷ್ಟು ಸರಳವಾದುದಲ್ಲ. ಇಲ್ಲಿ ನಾವು ಸ್ವಲ್ಪ ನಿಂತು ವಿಚಾರಿಸಬೇಕಾಗಿದೆ.

ಹಗ್ಗವನ್ನು ಒಯ್ಯುವುದು ಬೇರೆ, ಅದನ್ನು ಸರಿಯಾಗಿ ಬಳಸುವುದು ಬೇರೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿಯೂ ಎಷ್ಟೋ ಮಾರ್ಗದರ್ಶಿಗಳು ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಳ್ಳದೆ ಕೈಯಲ್ಲಿ ಹಿಡಿದು ನಡೆಯುತ್ತಿದ್ದರು. ಎಡ್ವರ್ಡ್ ವಿಂಪರ್ ಅವರು ೧೮೭೧ರಲ್ಲಿ ಪ್ರಕಟಿಸಿದ ತಮ್ಮ ಆಲ್ಪ್ಸ್ ಗ್ರಂಥದಲ್ಲಿ ಹಗ್ಗವನ್ನು ಬಳಸುವ ತಪ್ಪು ಕ್ರಮ ಮತ್ತು ಸರಿಯಾದ ಕ್ರಮ ಎಂಬ ಎರಡು ಚಿತ್ರಗಳನ್ನೇ ಕೊಟ್ಟಿದ್ದಾರೆಂದ ಮೇಲೆ ತಪ್ಪು ಕ್ರಮ ಎಷ್ಟು ವ್ಯಾಪಕವಾಗಿತ್ತೆಂಬುದನ್ನು ಊಹಿಸಬಹುದು.

ಲಂಡನ್ನಿನಲ್ಲಿ ೧೮೫೭ರಲ್ಲಿ ಸ್ಥಾಪಿತವಾದ ಆಲ್ಪೈನ್ ಕ್ಲಬ್ ೧೮೬೪ರಲ್ಲಿ ಹಗ್ಗ, ಕೊಡಲಿ, ಮೊನೆಗೋಲುಗಳ ಪರೀಕ್ಷೆಗೆ ಒಂದು ಸಮಿತಿಯನ್ನು ನೇಮಿಸಿತು. ಸಮಿತಿಯವರು ನಾನಾ ಬಗೆಯ ಹಗ್ಗಗಳಿಗೆ ಭಾರವನ್ನು ಕಟ್ಟಿ ಎತ್ತರದಿಂದ ಬೀಳಿಸಿ ಪರೀಕ್ಷಿಸಿದರು. ಹಗ್ಗದ ಬಲವನ್ನು ಅದು ತೂಗಿಹಿಡಿಯುವ ಭಾರದಿಂದ ಅಳೆಯದೆ, ಬೀಳುವ ಭಾರವನ್ನು ತಡೆಯುವ ಶಕ್ತಿಯಿಂದ ಅಳೆದುದು ಈ ಪರೀಕ್ಷೆಯ ವಿಶೇಷ. ನಿಂತ ಮನುಷ್ಯನ ತೂಕವನ್ನು ಸಾಧಾರಣ ಹಗ್ಗವೂ ತಡೆದೀತು. ಬೀಳುವ ಮನುಷ್ಯನದು ಬೇರೆಯ ಲೆಕ್ಕ. ಬಹುಪಾಲು ಹಗ್ಗಗಳು ಅಲ್ಲಿ ತುಂಡಾದವು. ನಿಂತ ಕೆಲವನ್ನು ಸಮಿತಿ ಶಿಫಾರಸು ಮಾಡಿತು. ಮನಿಲಾ ನಾರಿನಿಂದ ಹೊಸೆದು ಒಳಗೆ ಗುರುತಿಗಾಗಿ ಕೆಂಪು ಉಣ್ಣೆಯ ಎಳೆ ಸೇರಿಸಿದ ಹಗ್ಗವು ಆಲ್ಪೈನ್ ಕ್ಲಬ್ ಹಗ್ಗವೆಂದು ಪ್ರಸಿದ್ಧವಾಯಿತು. ಉಪಕರಣವೊಂದನ್ನು ವ್ಯವಸ್ಥಿತವಾಗಿ ಪರೀಕ್ಷಿಸಿ ಗುರುತುಹಾಕಿದ ಆದಿಕಾಲದ ಪ್ರಯತ್ನಗಳಲ್ಲಿ ಇದು ಗಣ್ಯವಾದುದು.

ಇದಾದ ಮರುವರ್ಷವೇ, ೧೮೬೫ನೆಯ ಜುಲೈ ೧೪ರಂದು, ಏಳು ಮಂದಿ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲಬಾರಿಗೆ ಮುಟ್ಟಿದರು. ವಿಂಪರ್, ಪಾದ್ರಿ ಚಾರ್ಲ್ಸ್ ಹಡ್ಸನ್, ಲಾರ್ಡ್ ಫ್ರಾನ್ಸಿಸ್ ಡಗ್ಲಾಸ್, ಹತ್ತೊಂಬತ್ತರ ತರುಣ ಡಗ್ಲಾಸ್ ಹ್ಯಾಡೋ ಇವರು ಗೃಹಸ್ಥರು. ಶಾಮೊನಿಯ ಮಿಶೆಲ್ ಕ್ರೋ, ಜ಼ೆರ್ಮಾಟ್ ಗ್ರಾಮದ ಪೀಟರ್ ತೌಗ್‌ವಾಲ್ಡರ್ ತಂದೆ ಮತ್ತು ಮಗ ಇವರು ಮಾರ್ಗದರ್ಶಿಗಳು. ಇಳಿಯುವಾಗ ಹ್ಯಾಡೋ ಜಾರಿ ಕ್ರೋ ಅವರ ಮೇಲೆ ಬಿದ್ದರು. ಅವರಿಬ್ಬರ ಸೆಳೆತಕ್ಕೆ ಹಡ್ಸನ್ ಮತ್ತು ಡಗ್ಲಾಸ್ ಕೂಡ ಕಿತ್ತುಬಂದರು. ಡಗ್ಲಾಸ್ ಮತ್ತು ಹಿರಿಯ ತೌಗ್‌ವಾಲ್ಡರ್ ಇವರ ನಡುವಣ ಹಗ್ಗ ತುಂಡಾಯಿತು. ನಾಲ್ವರು ಸತ್ತರು, ಮೂವರು ಉಳಿದರು. ಡಗ್ಲಾಸ್ ಅವರ ದೇಹ ಸಿಕ್ಕಲೇ ಇಲ್ಲ.

ತಂಡದ ಬಳಿ ಮೂರು ಬಗೆಯ ಹಗ್ಗಗಳಿದ್ದವು. ಕ್ಲಬ್ಬಿನ ಮನಿಲಾ ಹಗ್ಗ ಒಂದು. ಅದಕ್ಕಿಂತ ದಪ್ಪವಾದುದು ಇನ್ನೊಂದು. ಹಳೆಯದೂ ತೆಳ್ಳನೆಯದೂ ಆದ ಮೂರನೆಯದೊಂದು. ತುಂಡಾದುದು ಈ ಮೂರನೆಯದು. ಬಂಡೆಗೆ ಕಟ್ಟಿ ಅಲ್ಲಿಯೇ ಬಿಟ್ಟುಬರುವುದಕ್ಕೆಂದು ತಂದಿದ್ದ ಹಗ್ಗವು ಮನುಷ್ಯರ ನಡುವೆ ಹೇಗೆ ಬಂದಿತು? ಜ಼ೆರ್ಮಾಟ್‌ನಲ್ಲಿ ನಡೆದ ವಿಚಾರಣೆಯ ಮುಂದಿದ್ದ ಮುಖ್ಯ ಪ್ರಶ್ನೆಗಳಲ್ಲಿ ಇದೂ ಒಂದು. ಆ ಹಗ್ಗ ಸಾಕಷ್ಟು ಬಲವಾಗಿಲ್ಲವೆಂದು ತಮಗೆ ತೋರಲಿಲ್ಲವೆಂಬುದು ತೌಗ್‌ವಾಲ್ಡರ್ ಅವರ ಉತ್ತರದ ಸಾರ. ವಿಚಾರಣೆ ಅವರನ್ನು ನಿರ್ದೋಷಿಯೆಂದು ಬಿಟ್ಟಿತು, ಜನವಾದ ಬಿಡಲಿಲ್ಲ. ಪ್ರಾಣ ಉಳಿಸಿಕೊಳ್ಳಲು ಹಗ್ಗವನ್ನು ಕೊಯ್ದರೆಂದು ಕೆಲವರು ಆಡಿಕೊಂಡರು. ವಿಂಪರ್ ತಮ್ಮ ಗ್ರಂಥದಲ್ಲಿ ಹಗ್ಗ ಕೊಯ್ದುದಲ್ಲ, ತುಂಡಾದುದು ಎಂದು ಸ್ಪಷ್ಟಪಡಿಸಿದರೂ, ದುರ್ಬಲವಾದ ಹಗ್ಗವನ್ನೇ ಆರಿಸಿಕೊಂಡುದರ ಬಗ್ಗೆ ಸಂಶಯದ ನೆರಳನ್ನು ಉಳಿಸಿದರು. ತೌಗ್‌ವಾಲ್ಡರ್ ಕೆಲಕಾಲ ಊರು ಬಿಟ್ಟು ಅಮೆರಿಕಕ್ಕೆ ಹೋದರು.

ಇಲ್ಲಿ ಇತಿಹಾಸಕಾರನು ವಿವೇಚಿಸಬೇಕಾದ ಅಂಶಗಳು ಮೂರಿವೆ. ಮೊದಲನೆಯದಾಗಿ, ತುಂಡಾದ ಆ ಹಗ್ಗ ಇಂದಿಗೂ ಜ಼ೆರ್ಮಾಟ್ ವಸ್ತುಸಂಗ್ರಹಾಲಯದಲ್ಲಿದೆ. ಎಳೆಗಳು ಹರಿದಿರುವ ರೀತಿ ಕಣ್ಣಿಗೆ ಕಾಣುತ್ತದೆ. ಕೊಯ್ದ ಆರೋಪಕ್ಕೆ ಅಷ್ಟೇ ಸಾಕಾದ ಉತ್ತರ. ಎರಡನೆಯದಾಗಿ, ಶಿಖರದಿಂದ ಹೊರಡುವ ಮುನ್ನ ಉಳಿದವರು ಹಗ್ಗ ಕಟ್ಟಿಕೊಳ್ಳುತ್ತಿದ್ದಾಗ ವಿಂಪರ್ ಶಿಖರದ ರೇಖಾಚಿತ್ರ ಬರೆಯುತ್ತಿದ್ದರೆಂಬುದು ಅವರೇ ಹೇಳಿದ ಮಾತು. ಕಠಿಣವಾದ ಸ್ಥಳದಲ್ಲಿ ಬಂಡೆಗೆ ಹಗ್ಗ ಬಿಗಿಯಬೇಕೆಂದು ಅವರು ಸೂಚಿಸಿದ್ದುದೂ ನಿಜ, ಅದು ನಡೆಯದೆ ಹೋದುದೂ ನಿಜ. ಯಾವ ಹಗ್ಗ ಎಲ್ಲಿದೆಯೆಂದು ನೋಡಿಕೊಳ್ಳುವ ಹೊಣೆ ಒಬ್ಬ ಮಾರ್ಗದರ್ಶಿಯದಷ್ಟೇ ಆಗಿರಲಿಲ್ಲ. ಮೂರನೆಯದಾಗಿ, ಬಲವಾದ ಹಗ್ಗವೇ ಇದ್ದಿದ್ದರೂ ಆ ಕಾಲದ ನಾರಿಗೆ ಹಿಗ್ಗುವ ಗುಣ ಕಡಮೆ. ಬೀಳುತ್ತಿರುವ ನಾಲ್ವರ ಆಘಾತವನ್ನು ಅದು ತಡೆಯುತ್ತಿತ್ತೋ, ಅಥವಾ ಏಳು ಮಂದಿಯನ್ನೂ ಕೆಳಕ್ಕೆ ಸೆಳೆಯುತ್ತಿತ್ತೋ ಹೇಳಬರುವಂತಿಲ್ಲ. ದೋಷ ಹಗ್ಗದ್ದು ಮಾತ್ರವಲ್ಲ, ಹ್ಯಾಡೋ ಅವರ ಸವೆದ ಬೂಟುಗಳದ್ದೂ, ಅನನುಭವಿಯನ್ನು ಕರೆದೊಯ್ದ ನಿರ್ಣಯದ್ದೂ ಆಗಿತ್ತು. ಆದರೆ ಗ್ರಂಥ ಬರೆಯಬಲ್ಲವರ ವಾದ ಜಗತ್ತಿಗೆಲ್ಲ ಮುಟ್ಟಿತು. ಬರೆಯದವರ ಮಾತು ವಿಚಾರಣೆಯ ಕಾಗದಗಳಲ್ಲಿ ಉಳಿಯಿತು. ವಸ್ತುವೇ ಇಲ್ಲಿ ಬರೆಯದವರ ಪರವಾಗಿ ಸಾಕ್ಷಿ ನುಡಿಯುತ್ತದೆ.

ಹಗ್ಗದ ಮೂಲದೋಷ ನಿವಾರಣೆಯಾದುದು ಎರಡನೆಯ ಮಹಾಯುದ್ಧದ ಕಾಲಕ್ಕೆ ನೈಲಾನ್ ಬಂದಾಗ. ನೈಲಾನ್ ಎಳೆ ಹಿಗ್ಗಿ ಬೀಳುವಿಕೆಯ ಆಘಾತವನ್ನು ನುಂಗಿಕೊಳ್ಳುತ್ತದೆ, ನೆನೆದರೆ ಕೊಳೆಯುವುದಿಲ್ಲ. ೧೯೫೩ರಲ್ಲಿ ಜರ್ಮನಿಯ ಎಡೆಲ್‌ರಿಡ್ ಸಂಸ್ಥೆ ಒಳತಿರುಳು ಮತ್ತು ಹೊರಹೊದಿಕೆಗಳುಳ್ಳ ಹಗ್ಗವನ್ನು ಹೊರತಂದಿತು. ಇಂದಿನ ಆರೋಹಣದ ಹಗ್ಗಗಳೆಲ್ಲ ಈ ರಚನೆಯವೇ.

೫

ಕಾಲಿನ ವಿಷಯಕ್ಕೆ ಬಂದರೆ, ಚರ್ಮದ ಬೂಟಿನ ಅಟ್ಟೆಗೆ ಕಬ್ಬಿಣದ ಮೊಳೆ ಬಡಿಯುವುದು ಬಹುಕಾಲದ ಪದ್ಧತಿ. ೧೯೧೨ರ ಸುಮಾರಿಗೆ ಜಿನೀವಾದ ಆಭರಣ ಕೆಲಸಗಾರ ಫೆಲಿಕ್ಸ್ ಜನಕಾನ್ ಅವರು ಹಲ್ಲುಗಳುಳ್ಳ ಗಟ್ಟಿ ಉಕ್ಕಿನ ಮೊಳೆಯನ್ನು ರೂಪಿಸಿದರು. ಅವರ ಅಡ್ಡಹೆಸರಾದ ಟ್ರಿಕೂನಿ ಎಂಬುದೇ ಮೊಳೆಯ ಹೆಸರೂ ಆಯಿತು. ಬಂಡೆಯ ಮೇಲೆ ಈ ಮೊಳೆಗಳ ಹಿಡಿತ ಒಳ್ಳೆಯದೇ. ಆದರೆ ಲೋಹವು ಕಾಲಿನ ಶಾಖವನ್ನು ಹೊರಕ್ಕೆ ಹರಿಸುವುದರಿಂದ ಎತ್ತರದ ಪ್ರದೇಶದಲ್ಲಿ ಬೆರಳುಗಳು ಮರಗಟ್ಟುವ ಅಪಾಯ ಹೆಚ್ಚು.

ಬೂಟಿನ ಕೆಳಗೆ ಬಿಗಿಯುವ ಕ್ರಾಂಪಾನ್ ಎಂಬ ಮುಳ್ಳುಚೌಕಟ್ಟು ಸಿಮ್ಲರ್ ಅವರ ಕಾಲದಿಂದ ಇದ್ದರೂ ಗೃಹಸ್ಥ ಆರೋಹಿಗಳು ಅದನ್ನು ಬಹುಕಾಲ ಕೀಳಾಗಿ ಕಂಡರು. ಮೆಟ್ಟಿಲು ಕಡಿಯುವುದು ಕಲೆ, ಮುಳ್ಳು ಕಟ್ಟಿಕೊಳ್ಳುವುದು ಅಡ್ಡದಾರಿ ಎಂಬ ಭಾವನೆ ವಿಶೇಷವಾಗಿ ಇಂಗ್ಲೆಂಡಿನವರಲ್ಲಿ ಬಲವಾಗಿತ್ತು. ಮೆಟ್ಟಿಲು ಕಡಿಯುವ ಶ್ರಮ ಬಹುತೇಕ ಮಾರ್ಗದರ್ಶಿಯ ಪಾಲಿಗೆ ಬರುತ್ತಿತ್ತೆಂಬುದನ್ನು ಇಲ್ಲಿ ಮರೆಯತಕ್ಕದ್ದಲ್ಲ. ಎಕೆನ್‌ಸ್ಟೈನ್ ಅವರು ೧೯೦೮ರಲ್ಲಿ ಹತ್ತು ಮುಳ್ಳುಗಳ ಚೌಕಟ್ಟಿನ ವಿನ್ಯಾಸವನ್ನು ಪ್ರಕಟಿಸಿದರು; ಕೂರ್ಮಾಯೋರಿನ ಹೆನ್ರಿ ಗ್ರಿವೆಲ್ ಅವರ ಕುಲುಮೆ ಅದನ್ನು ತಯಾರಿಸಿತು. ಎಂಜಿನಿಯರನ ಲೆಕ್ಕವೂ ಕಮ್ಮಾರನ ಕೈಯೂ ಸೇರದೆ ಈ ಉಪಕರಣ ಸಿದ್ಧಿಸುತ್ತಿರಲಿಲ್ಲ. ೧೯೨೯ರಲ್ಲಿ ಅದೇ ಮನೆತನದ ಲೋರಾಂ ಗ್ರಿವೆಲ್ ಅವರು ಮುಂದಕ್ಕೆ ಚಾಚಿದ ಇನ್ನೆರಡು ಮುಳ್ಳುಗಳನ್ನು ಸೇರಿಸಿದರು. ಇದರಿಂದ ಹಿಮದ ಗೋಡೆಗೆ ಮುಖಮಾಡಿ ಬೂಟಿನ ಮೂತಿಯನ್ನೇ ಒದ್ದು ನೆಡುತ್ತ ನೇರವಾಗಿ ಏರುವುದು ಸಾಧ್ಯವಾಯಿತು.

ಈ ಎರಡು ಮುಳ್ಳುಗಳ ಫಲ ೧೯೩೮ರಲ್ಲಿ ಐಗರ್ ಪರ್ವತದ ಉತ್ತರಮುಖದಲ್ಲಿ ಪ್ರಕಟವಾಯಿತು. ಹಾರರ್ ಮತ್ತು ಕಾಸ್ಪರೆಕ್ ಮುಂದೆ ಹೊರಟಿದ್ದರು. ಕಾಸ್ಪರೆಕ್ ಅವರಲ್ಲಿ ಹತ್ತು ಮುಳ್ಳಿನ ಕ್ರಾಂಪಾನ್. ಹಾರರ್ ಅವರಲ್ಲಿ ಮೊಳೆಯ ಬೂಟು ಮಾತ್ರ. ಅವರು ಗಂಟೆಗಟ್ಟಲೆ ಮೆಟ್ಟಿಲು ಕಡಿಯುತ್ತ ಏರಿದ ಹಿಮಕ್ಷೇತ್ರವನ್ನು, ಹನ್ನೆರಡು ಮುಳ್ಳಿನ ಕ್ರಾಂಪಾನ್ ತೊಟ್ಟ ಹೆಕ್‌ಮೈರ್ ಮತ್ತು ಫ್ಯೋರ್ಗ್ ಹಿಂದಿನಿಂದ ಬಂದು ಶೀಘ್ರವಾಗಿ ದಾಟಿ ಅವರನ್ನು ಕೂಡಿಕೊಂಡರು. ನಾಲ್ವರೂ ಒಂದಾಗಿ ಜುಲೈ ೨೪ರಂದು ಶಿಖರ ಸೇರಿದರು. ಒಂದೇ ಗೋಡೆಯ ಮೇಲೆ, ಒಂದೇ ದಿನ, ಎರಡು ಯುಗಗಳು ಹೀಗೆ ಎದುರುಬದುರಾದವು.

ಮೊಳೆಯ ಬೂಟಿಗೆ ಪರ್ಯಾಯ ಹುಟ್ಟಿದುದು ದುರಂತದಿಂದ. ೧೯೩೫ರಲ್ಲಿ ಇಟಲಿಯ ರಾಸಿಕಾ ಶಿಖರದಲ್ಲಿ ಹವೆ ಕೆಟ್ಟು ವಿತಾಲೆ ಬ್ರಮಾನಿ ಅವರ ಆರು ಮಂದಿ ಸಂಗಡಿಗರು ಮಡಿದರು. ಹಿಮಕ್ಕೂ ಬಂಡೆಗೂ ಒಂದೇ ಪಾದರಕ್ಷೆ ಒದಗಬೇಕೆಂದು ನಿಶ್ಚಯಿಸಿದ ಬ್ರಮಾನಿ ಅವರು ಪಿರೆಲ್ಲಿ ಸಂಸ್ಥೆಯ ನೆರವಿನಿಂದ ೧೯೩೭ರಲ್ಲಿ ಗಟ್ಟಿ ರಬ್ಬರಿನ ಹಲ್ಲುಗಟ್ಟಿದ ಅಟ್ಟೆಯನ್ನು ಹೊರತಂದರು. ಅವರ ಹೆಸರಿನ ಎರಡು ಭಾಗಗಳ ಮೊದಲಕ್ಷರಗಳಿಂದ ಅದಕ್ಕೆ ವಿಬ್ರಾಮ್ ಎಂಬ ಹೆಸರಾಯಿತು. ಎರಡು ದಶಕಗಳೊಳಗಾಗಿ ಮೊಳೆಯ ಬೂಟು ಬಹುಮಟ್ಟಿಗೆ ಮೂಲೆಗುಂಪಾಯಿತು.

೬

ಬಂಡೆಯ ಬಿರುಕಿಗೆ ಬಡಿಯುವ ಪಿಟಾನ್ ಎಂಬ ಕಬ್ಬಿಣದ ಗೂಟವೂ, ಹಗ್ಗವನ್ನು ಅದಕ್ಕೆ ಸೇರಿಸುವ ಕ್ಯಾರಬಿನರ್ ಎಂಬ ಕೊಂಡಿಯೂ ಪೂರ್ವ ಆಲ್ಪ್ಸ್‌ನಲ್ಲಿ ಪ್ರಚಾರಕ್ಕೆ ಬಂದವು. ಮ್ಯೂನಿಕ್ ನಗರದ ಓಟ್ಟೊ ಹೆರ್‌ಜ಼ೋಗ್ ಅವರು ೧೯೧೦ರ ಸುಮಾರಿಗೆ ಅಗ್ನಿಶಾಮಕ ದಳದವರ ಕೊಂಡಿಯನ್ನು ಕಂಡು ಅದನ್ನು ಆರೋಹಣಕ್ಕೆ ಅಳವಡಿಸಿಕೊಂಡರು. ಹಾನ್ಸ್ ಫೀಖ್ಟ್‌ಲ್ ಅವರು ಪಿಟಾನಿನ ರೂಪವನ್ನು ಸುಧಾರಿಸಿದರು.

ಇದರಿಂದ ೧೯೧೧ರಲ್ಲಿ ಒಂದು ವಾದವಿವಾದ ಎದ್ದಿತು. ಆಸ್ಟ್ರಿಯದ ತರುಣ ಆರೋಹಿ ಪೌಲ್ ಪ್ರೊಯ್ಸ್ ಅವರು ಉಪಕರಣ ಆರೋಹಣದ ಆಧಾರವಾಗಕೂಡದು, ಆಪತ್ತಿಗೆ ಮಾತ್ರ ಒದಗಬೇಕು ಎಂದು ವಾದಿಸಿ ಆರು ಸೂತ್ರಗಳನ್ನು ಮಂಡಿಸಿದರು. ತಾನು ಇಳಿಯಲಾರದ ಕಡೆ ಏರಬಾರದು ಎಂಬುದು ಅವರ ಮತದ ತಿರುಳು. ಪ್ರತಿಪಕ್ಷದವರು ಜೀವರಕ್ಷಣೆಯ ಸಾಧನವನ್ನು ನಿರಾಕರಿಸುವುದು ವಿವೇಕವಲ್ಲವೆಂದರು. ೧೯೧೩ನೆಯ ಅಕ್ಟೋಬರ್ ೩ರಂದು ಪ್ರೊಯ್ಸ್ ಒಬ್ಬಂಟಿಯಾಗಿ ಏರುತ್ತಿದ್ದಾಗ ಬಿದ್ದು ಮಡಿದರು. ಅವರ ಮರಣದಿಂದ ಅವರ ವಾದ ಬಿದ್ದುಹೋಯಿತೆಂದು ಹೇಳುವುದು ತರ್ಕಸಮ್ಮತವಲ್ಲ. ಅಪಾಯವನ್ನು ಅವರು ಅಲ್ಲಗಳೆದಿರಲಿಲ್ಲ. ಅಪಾಯವನ್ನು ಉಪಕರಣದಿಂದ ಕಳೆದುಬಿಟ್ಟರೆ ಏರಿದುದರ ಅರ್ಥವೇನು ಎಂದು ಕೇಳಿದ್ದರು. ಈ ಪ್ರಶ್ನೆ ಹಿಮಾಲಯದಲ್ಲಿ ಇನ್ನೂ ತೀವ್ರವಾಗಿ ಎದುರಾಯಿತು.

೭

೧೯೨೨ರ ಎವರೆಸ್ಟ್ ಯಾತ್ರೆಯಲ್ಲಿ ಆಮ್ಲಜನಕದ ಉಪಕರಣ ಆ ಪರ್ವತದ ಮೇಲೆ ಮೊದಲಬಾರಿಗೆ ಪ್ರಯೋಗವಾಯಿತು. ಆಸ್ಟ್ರೇಲಿಯದಲ್ಲಿ ಹುಟ್ಟಿದ ರಸಾಯನಶಾಸ್ತ್ರಜ್ಞ ಜಾರ್ಜ್ ಫಿಂಚ್ ಅವರು ಇದರ ಪ್ರಧಾನ ಪ್ರತಿಪಾದಕರು. ಉಕ್ಕಿನ ನಾಲ್ಕು ಸಿಲಿಂಡರುಗಳ ಈ ಸಲಕರಣೆ ಸುಮಾರು ೩೨ ಪೌಂಡು ತೂಗುತ್ತಿತ್ತು. ಕೃತಕ ವಾಯುವನ್ನು ಸೇವಿಸಿ ಏರುವುದು ಆಟದ ಧರ್ಮಕ್ಕೆ ವಿರುದ್ಧವೆಂದು ತಂಡದಲ್ಲಿಯೂ ಲಂಡನ್ನಿನಲ್ಲಿಯೂ ಆಕ್ಷೇಪಣೆ ಎದ್ದಿತು. ಮೇ ೨೧ರಂದು ಮ್ಯಾಲರಿ, ನಾರ್ಟನ್, ಸೋಮರ್‌ವೆಲ್ ಮೂವರೂ ಆಮ್ಲಜನಕವಿಲ್ಲದೆ ೨೬,೯೮೫ ಅಡಿ ಏರಿದರು. ಮೇ ೨೭ರಂದು ಫಿಂಚ್ ಅವರೂ, ಅದುವರೆಗೆ ಪರ್ವತಾರೋಹಣದ ಅನುಭವವೇ ಇಲ್ಲದಿದ್ದ ಜೆಫ್ರಿ ಬ್ರೂಸ್ ಅವರೂ ಆಮ್ಲಜನಕದೊಡನೆ ಸುಮಾರು ೨೭,೩೦೦ ಅಡಿ ಮುಟ್ಟಿದರು. ಫಿಂಚ್ ಅವರು ಬಲೂನಿನ ಬಟ್ಟೆಯೊಳಗೆ ಈಡರ್ ಬಾತಿನ ಮೃದುವಾದ ತುಪ್ಪುಳನ್ನು ತುಂಬಿ ಹೊಲಿಸಿದ ನಿಲುವಂಗಿಯನ್ನೂ ತೊಟ್ಟಿದ್ದರು. ಸಂಗಡಿಗರು ಅದನ್ನು ನೋಡಿ ನಕ್ಕರು. ಚಳಿ ಬಿದ್ದಾಗ ನಗೆ ಅಡಗಿತು. ಇಂದು ಎತ್ತರದ ಪರ್ವತಗಳಲ್ಲಿ ತೊಡುವ ಉಡುಪು ಆ ನಿಲುವಂಗಿಯ ಸಂತತಿಯೇ. ೧೯೨೪ರ ತಂಡದಲ್ಲಿ ಫಿಂಚ್ ಅವರಿಗೆ ಸ್ಥಾನ ದೊರೆಯಲಿಲ್ಲ. ಇದೇ ಫಿಂಚ್ ಅವರು ೧೯೫೨ರಿಂದ ೧೯೫೭ರವರೆಗೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಶಾಲೆಯ ನಿರ್ದೇಶಕರಾಗಿದ್ದುದನ್ನು ನಮ್ಮ ವಾಚಕರು ಸಂತೋಷದಿಂದ ಸ್ಮರಿಸಬಹುದು.

೧೯೨೪ರ ಜೂನ್‌ನಲ್ಲಿ ನಾರ್ಟನ್ ಆಮ್ಲಜನಕವಿಲ್ಲದೆ ಸುಮಾರು ೮,೫೭೦ ಮೀಟರ್ ಎತ್ತರವನ್ನು ಮುಟ್ಟಿ ಹಿಂದಿರುಗಿದರು. ಕೆಲವೇ ದಿನಗಳಲ್ಲಿ ಮ್ಯಾಲರಿ ಮತ್ತು ಇರ್ವಿನ್ ಆಮ್ಲಜನಕದೊಡನೆ ಹೊರಟು ಕಣ್ಮರೆಯಾದರು. ಅನಂತರದ ಸಾಕ್ಷ್ಯವೆಲ್ಲ ಉಪಕರಣಗಳದೇ. ೧೯೩೩ರಲ್ಲಿ ವಿನ್ ಹ್ಯಾರಿಸ್ ಅವರಿಗೆ ೮,೪೦೦ ಮೀಟರಿಗೂ ಮೇಲೆ ಒಂದು ಹಿಮಗೊಡಲಿ ಸಿಕ್ಕಿತು. ಕಾವಿನ ಮೇಲಿನ ಗೀರುಗುರುತಿನಿಂದ ಅದು ಇರ್ವಿನ್ ಅವರದೆಂದು ನಿರ್ಣಯಿಸಲಾಯಿತು. ೧೯೯೯ನೆಯ ಮೇ ೧ರಂದು ಮ್ಯಾಲರಿಯವರ ದೇಹ ದೊರೆಯಿತು. ಸೊಂಟದಲ್ಲಿ ತುಂಡಾದ ಹಗ್ಗ, ಕಾಲಿನಲ್ಲಿ ಮೊಳೆಯ ಬೂಟು, ಜೇಬಿನಲ್ಲಿ ಕಪ್ಪು ಕನ್ನಡಕ. ಕನ್ನಡಕ ಜೇಬಿನಲ್ಲಿದ್ದುದರಿಂದ ಕತ್ತಲಾದ ಮೇಲೆ ಇಳಿಯುತ್ತಿದ್ದರೆಂದು ಕೆಲವರು ತರ್ಕಿಸಿದ್ದಾರೆ. ೨೦೨೪ರಲ್ಲಿ ರೊಂಗ್‌ಬುಕ್ ಹಿಮನದಿಯ ಮೇಲೆ ಇರ್ವಿನ್ ಅವರ ಹೆಸರಿನ ಚೀಟಿ ಹೊಲಿದ ಕಾಲುಚೀಲವೂ ಬೂಟೂ ದೊರೆತವು. ಬೊಸ್ಸೋಂ ಹಿಮನದಿಯಂತೆಯೇ ಈ ಹಿಮನದಿಯೂ ತನ್ನ ಒಡಲಿನದನ್ನು ಒಪ್ಪಿಸತೊಡಗಿದೆ.

ಆ ತಂಡದವರು ಊರೊಳಗಿನ ಬಟ್ಟೆ ತೊಟ್ಟು ಎವರೆಸ್ಟಿಗೆ ಹೋದರೆಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ದೇಹದ ಮೇಲೆ ದೊರೆತ ಬಟ್ಟೆಯ ತುಣುಕುಗಳನ್ನು ಪರಿಶೀಲಿಸಿ, ರೇಷ್ಮೆ, ಹತ್ತಿ, ಉಣ್ಣೆಯ ಪದರಗಳೂ ಹೊರಗೆ ಗಾಳಿ ತಡೆಯುವ ಗ್ಯಾಬರ್ಡೀನ್ ಬಟ್ಟೆಯೂ ಕೂಡಿದ ಅದೇ ಉಡುಪನ್ನು ಮತ್ತೆ ನೇಯಿಸಿ ಹೊಲಿಸಿ, ೨೦೦೬ರಲ್ಲಿ ಗ್ರಹಾಂ ಹಾಯ್ಲಂಡ್ ಅವರು ಎವರೆಸ್ಟಿನ ಮೇಲೆಯೇ ತೊಟ್ಟು ನೋಡಿದರು. ಅದು ಹಗುರವಾಗಿಯೂ ಬೆಚ್ಚಗೂ ಇತ್ತೆಂದು ಕಂಡುಬಂದಿತು. ರೂಢಿಯ ಎರಡನೆಯ ಅಭಿಪ್ರಾಯ ಇಲ್ಲಿಗೆ ಬಹುಮಟ್ಟಿಗೆ ಖಂಡಿತವಾಗುತ್ತದೆ. ಆದರೆ ಚಲಿಸುತ್ತಿರುವಾಗ ಸಾಕಾಗುವ ಉಡುಪು, ಗಾಯಗೊಂಡು ಒಂದೆಡೆ ಕುಳಿತವನಿಗೆ ರಾತ್ರಿಯೆಲ್ಲ ಸಾಕಾಗುತ್ತಿತ್ತೆಂದು ಇದರಿಂದ ಸಿದ್ಧವಾಗುವುದಿಲ್ಲ.

೮

ಕೊನೆಯದಾಗಿ, ಈ ಉಪಕರಣಗಳನ್ನು ಹೊತ್ತವರು ಯ�ಾರು ಎಂಬ ಪ್ರಶ್ನೆ ಉಳಿಯುತ್ತದೆ. ಹಗುರವಾದ ಗುಡಾರವನ್ನು ರೂಢಿಗೆ ತಂದ ಮಮ್ಮರಿ ಅವರು ೧೮೯೫ರಲ್ಲಿ ನಂಗಾ ಪರ್ವತದಲ್ಲಿ ಕಣ್ಮರೆಯಾದಾಗ ಅವರೊಡನೆ ರಘೋಬೀರ್ ಮತ್ತು ಗೋಮಾನ್ ಸಿಂಗ್ ಎಂಬ ಇಬ್ಬರು ಗೂರ್ಖರೂ ಕಣ್ಮರೆಯಾದರು. ೧೯೨೨ನೆಯ ಜೂನ್ ೭ರಂದು ಎವರೆಸ್ಟಿನ ಹಿಮಕುಸಿತದಲ್ಲಿ ಮಡಿದವರು ಏಳು ಮಂದಿ. ಏಳು ಮಂದಿಯೂ ಹೊರೆ ಹೊತ್ತವರು. ಆಮ್ಲಜನಕ ಆಟದ ಧರ್ಮಕ್ಕೆ ಸಮ್ಮತವೋ ಅಲ್ಲವೋ ಎಂದು ನಡೆದ ದೀರ್ಘ ಚರ್ಚೆಯಲ್ಲಿ, ಸಿಲಿಂಡರುಗಳನ್ನು ಮೇಲಕ್ಕೆ ಹೊತ್ತ ಬೆನ್ನುಗಳ ಪ್ರಸ್ತಾಪ ವಿರಳ.

೧೯೫೩ನೆಯ ಮೇ ೨೯ರಂದು ಎವರೆಸ್ಟ್ ಶಿಖರದ ಮೇಲೆ ನಿಂತ ತೇನ್‌ಸಿಂಗ್ ಅವರ ಉಡುಪಿನಲ್ಲಿ ಈ ದೀರ್ಘ ಇತಿಹಾಸದ ಸಾರವೆಲ್ಲ ಅಡಗಿತ್ತೆನ್ನಬಹುದು. ಅವರ ಆತ್ಮಕಥನದ ಪ್ರಕಾರ ಬೂಟುಗಳು ಸ್ವಿಸ್ ದೇಶದವು. ಗಾಳಿಯಂಗಿ ಬ್ರಿಟಿಷ್ ತಂಡ ಕೊಟ್ಟುದು. ಕಾಲುಚೀಲ ಹೆಂಡತಿ ಆಂಗ್ ಲಾಮು ಹೆಣೆದುದು. ಉಣ್ಣೆಯ ಟೊಪ್ಪಿಗೆ ಡೆನ್‌ಮನ್ ಅವರದು. ಕೊರಳಿನ ಕೆಂಪು ವಸ್ತ್ರ, ಹಿಂದಿನ ವರ್ಷ ತಮ್ಮೊಡನೆ ಸುಮಾರು ೮,೬೦೦ ಮೀಟರಿನವರೆಗೆ ಏರಿದ್ದ ಸ್ವಿಸ್ ಮಿತ್ರ ಲಾಂಬೆರ್ ಅವರದು. ಅದೇ ತಂಡಕ್ಕಾಗಿ ವಿಶೇಷವಾಗಿ ತಯಾರಿಸಿದ ಬೂಟುಗಳ ಪದರದೊಳಗೆ ನಮ್ಮ ಬೂರುಗದ ಅರಳೆಯ ಜಾತಿಗೆ ಸೇರಿದ ಕಪೋಕ್ ತುಂಬಿತ್ತು. ಮರುವರ್ಷ ಡಾರ್ಜಿಲಿಂಗಿನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆ ಸ್ಥಾಪಿತವಾಗಿ, ಹೊರೆ ಹೊತ್ತವರ ವಿದ್ಯೆಯನ್ನು ವಿದ್ಯೆಯೆಂದೇ ಕಲಿಸುವ ಕಾಲ ಬಂದಿತು. ೧೯೭೮ನೆಯ ಮೇ ೮ರಂದು ಮೆಸ್‌ನರ್ ಮತ್ತು ಹಾಬೆಲರ್ ಆಮ್ಲಜನಕವಿಲ್ಲದೆಯೇ ಎವರೆಸ್ಟನ್ನು ಮುಟ್ಟಿ ಪ್ರೊಯ್ಸ್ ಅವರ ಹಳೆಯ ಪ್ರಶ್ನೆಯನ್ನು ಮತ್ತೆ ಎತ್ತಿದರು. ಆ ಪ್ರಶ್ನೆ ಇಂದಿಗೂ ತೀರ್ಮಾನವಾಗಿಲ್ಲ.

ಈ ಸಮೀಕ್ಷೆಯಿಂದ ನಮಗೆ ತೋರುವ ನಿರ್ಣಯಗಳಿವು. ಯಾವ ಉಪಕರಣವೂ ಒಬ್ಬನ ಸೃಷ್ಟಿಯಲ್ಲ. ಬಳಸಿದವನ ಅನುಭವ, ಕುಶಲಕರ್ಮಿಯ ಕೈ, ಅನೇಕವೇಳೆ ಒಂದು ಮರಣ ಇವು ಕೂಡಿ ಅದನ್ನು ರೂಪಿಸಿವೆ. ಪ್ರತಿಯೊಂದು ಹೊಸ ಉಪಕರಣವೂ ಮೊದಲು ಅಧರ್ಮವೆಂದು ನಿಂದಿತವಾಗಿ ಆಮೇಲೆ ಅನಿವಾರ್ಯವೆಂದು ಅಂಗೀಕೃತವಾಗಿದೆ. ನಿಂದಿಸಿದವರು ಬಹುಮಟ್ಟಿಗೆ ಅದರ ಅಭಾವದಿಂದ ಆಗುವ ಶ್ರಮವನ್ನು ತಾವು ಹೊರದವರು. ಹಳೆಯ ಉಪಕರಣಗಳನ್ನು ವಸ್ತುಸಂಗ್ರಹಾಲಯದಲ್ಲಿ ಕಾಣುವಾಗ ನಾವು ಅವುಗಳ ಒರಟುತನವನ್ನಲ್ಲ, ಅವುಗಳಲ್ಲಿ ಮೂಕವಾಗಿ ನಿಂತಿರುವ ಸಾಕ್ಷ್ಯವನ್ನು ಗಮನಿಸತಕ್ಕದ್ದು. ತೌಗ್‌ವಾಲ್ಡರ್ ಅವರ ಹಗ್ಗದ ತುಂಡು ಆಡಿದ ಮಾತನ್ನು ಅವರ ಕಾಲದವರು ಕೇಳಿಸಿಕೊಳ್ಳಲಿಲ್ಲ. ಅದನ್ನು ಕೇಳಿಸಿಕೊಳ್ಳುವುದು ಇತಿಹಾಸದ ವಿದ್ಯಾರ್ಥಿಯ ಕರ್ತವ್ಯ.